ಸಣ್ಣ ಬ್ಲೇಡು

ಆಗ ನನಗೆ ಅರವತ್ತೊಂದು. ಅದಾಗಿ ಇಪ್ಪತ್ತಾರು ವರ್ಷವಾಯಿತು. ಡಚ್ಚರ ದೇಶದ ರೈಸ್‌ವೈಕಿನಲ್ಲಿ ಮಗಳ ಮನೆಯಲ್ಲಿದ್ದೆ. ನಮ್ಮ ಯಜಮಾನರು ಹೋಗಿ ಆ ಭಾನುವಾರಕ್ಕೆ ವರ್ಷ ತುಂಬುತ್ತಿತ್ತು. ಅವರ ಫೋಟೋಗೆ ಇನ್ನೂ ಕಟ್ಟು ಬಿದ್ದಿರಲಿಲ್ಲ.

ಮೈಸೂರಿನಲ್ಲಿ ನಮ್ಮದು ಫೋಟೋಗೆ ಕಟ್ಟು ಹಾಕುವ ಅಂಗಡಿ. ದೇವರು, ಮದುವೆ ಜೋಡಿ, ಸತ್ತವರು, ಎಲ್ಲರೂ ಅಲ್ಲಿಗೇ ಬರಬೇಕು. ಅವರು ಮರದ ಪಟ್ಟಿಯನ್ನು ಓರೆಯಾಗಿ ಕೊಯ್ದು ಮೂಲೆ ಕೂಡಿಸುತ್ತಿದ್ದರು. ನಾನು ಗಾಜು ಒರೆಸಿ ಹಿಂದೆ ರಟ್ಟು ಹೊಡೆಯುತ್ತಿದ್ದೆ. ಮೂಲೆಯಲ್ಲಿ ಸಂದು ಉಳಿದರೆ ಅದೇ ಮರದ ಪುಡಿಗೆ ಅಂಟು ಕಲಸಿ ಉಗುರಲ್ಲಿ ತುಂಬುವುದೂ ನನ್ನದೇ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳೂ ಮಾಡಬಹುದಾದದ್ದು, ಅದೇನು ದೊಡ್ಡ ಕೆಲಸವಲ್ಲ.

ಯಾವುದೋ ಹಳೇ ಬಾಗಿಲಿನ ತೇಗದಲ್ಲಿ ಅವರು ಒಂದು ಪಟ್ಟಿ ಕೀಸಿ, ನಯ ಮಾಡಿ, ಅಟ್ಟದ ಮೇಲೆ ಎತ್ತಿಟ್ಟಿದ್ದರು.

"ಇದು ನಂಗಿರಲಿ ಕಣೆ. ಇಲ್ಲಾಂದ್ರೆ ನೀನು ಪ್ಲಾಸ್ಟಿಕ್ ಪಟ್ಟಿ ಹಾಕಿ ಗೋಡೆಗೇರಿಸಿಬಿಡ್ತೀಯ."

"ನಾನೇ ಮೊದ್ಲು ಹೋದ್ರೆ?"

"ಆಗ ನಿಂಗೇ. ನಾನು ಪ್ಲಾಸ್ಟಿಕ್ಕಲ್ಲೇ ಇರ್ತೀನಿ."

ಊರಿನ ಸತ್ತವರಿಗೆಲ್ಲ ಕಟ್ಟು ಹಾಕಿದವರು ತಮ್ಮ ಸರದಿಗೆ ಇರಲಿಲ್ಲ. ಅಂಗಡಿ ಖಾಲಿ ಮಾಡಿದಾಗ ನಾನು ಆ ಪಟ್ಟಿಯೊಂದನ್ನೇ ಇಟ್ಟುಕೊಂಡೆ. ಸೂಟ್‌ಕೇಸಿನಲ್ಲಿ ಹಿಡಿಸಲಿ ಅಂತ ಎರಡು ತುಂಡು ಮಾಡಿಸಿ, ಸೀರೆಯಲ್ಲಿ ಸುತ್ತಿ ತಂದೆ. ಒಂದೊಂದು ತುಂಡಿನಲ್ಲೂ ಕಟ್ಟಿನ ಒಂದು ಉದ್ದದ ಬದಿ, ಒಂದು ಅಡ್ಡದ ಬದಿ ಬರಬೇಕು. ಹೆಚ್ಚಿಗೆ ಒಂದು ಬೆರಳೂ ಇರಲಿಲ್ಲ. ಕೊಯ್ಯುವಾಗ ಅಂಚು ಕಿತ್ತರೆ ಮುಗಿಯಿತು, ಅವರು ಪ್ಲಾಸ್ಟಿಕ್ಕಿಗೇ ಹೋಗಬೇಕು.

ಅಳಿಯ ಬೇರೆಯವನಲ್ಲ, ನನ್ನ ತಮ್ಮನ ಮಗ. "ಅತ್ತೆ, ಇಲ್ಲಿ ರೆಡಿ ಫ್ರೇಮ್ ಸಿಗತ್ತೆ, ಎಷ್ಟು ನೀಟಾಗಿರತ್ತೆ ಗೊತ್ತಾ," ಅಂದ. ನಾನು ಸೀರೆ ಬಿಚ್ಚಿ ಪಟ್ಟಿಯನ್ನು ಅವನ ಮುಂದಿಟ್ಟೆ.

ಓರೆ ಕೊಯ್ಯುವ ಯಂತ್ರ ಇದ್ದದ್ದು ಪಕ್ಕದ ಮನೆಯ ಡಚ್ಚು ಮುದುಕನ ಹತ್ತಿರ. ಅಲ್ಲಿ ಬಾಡಿಗೆ ಮನೆಗೆ ನೆಲವೇ ಇರುವುದಿಲ್ಲ, ಬರೀ ಸಿಮೆಂಟು. ಹೋದವರು ತಮ್ಮ ನೆಲ ಕಿತ್ತುಕೊಂಡು ಹೋಗುತ್ತಾರೆ, ಬಂದವರು ತಮ್ಮದು ಹಾಸಿಕೊಳ್ಳಬೇಕು. ನಮ್ಮ ಮನೆಗೆ ಹಲಗೆ ಕೊಯ್ದುಕೊಟ್ಟವನು ಅವನೇ. ಮೈಟರ್ ಸಾ ಅಂತ ಆ ಯಂತ್ರದ ಹೆಸರು. ಬೇಕಾದ ಓರೆಗೆ ತಿರುಗಿಸಿ ಹಿಡಿ ಒತ್ತಿದರೆ ದುಂಡನೆಯ ಬ್ಲೇಡು ತಿರುಗುತ್ತಾ ಇಳಿದು ಕೊಯ್ಯುತ್ತದೆ.

ಶನಿವಾರ ಬೆಳಿಗ್ಗೆ ನಾನೂ ಮಗಳೂ ಅವನ ಶೆಡ್ಡಿಗೆ ಹೋದೆವು. ಅವನು ಮೊದಲು ಒಂದು ರದ್ದಿ ತುಂಡು ಕೊಯ್ದು ತೋರಿಸಿದ. ಅಂಚು ನಾಯಿ ಕಚ್ಚಿ ಎಳೆದ ಹಾಗಿತ್ತು. ಬ್ಲೇಡಿನ ಹಲ್ಲು ದೊಡ್ಡವು, ದೂರದೂರ, ಮೊಂಡು ಬೇರೆ. ತಲೆ ಅಲ್ಲಾಡಿಸಿ "ಫೈನ್, ಫೈನ್" ಅಂತ ಏನೋ ಹೇಳಿದ.

"ಫೈನ್ ಅಂದ್ರೆ ಚೆನ್ನಾಗಿದೆ ಅಂತಲ್ವೇನೇ? ಮತ್ತೆ ತಲೆ ಯಾಕೆ ಅಲ್ಲಾಡಿಸ್ತಾನೆ?"

ಮಗಳು ಆಗ ಆ ಭಾಷೆ ಕಲಿಯುತ್ತಿದ್ದಳು. "ಇವರ ಭಾಷೇಲಿ ಫೈನ್ ಅಂದ್ರೆ ಸಣ್ಣ ಅಂತನೂ ಆಗತ್ತಮ್ಮ. ಸಣ್ಣ ಬ್ಲೇಡ್ ಬೇಕಂತೆ."

ನನಗೆ ತಿಳಿಯಿತು. ಸಣ್ಣ ರವೆ, ಸಣ್ಣಕ್ಕಿ, ಸಣ್ಣ ಹಲ್ಲು. ಎರಡು ಸಾವಿರದ ಇಸವಿ ಬಂದರೆ ಕಂಪ್ಯೂಟರೆಲ್ಲ ಕೆಟ್ಟು ನಿಲ್ಲುತ್ತವೆ ಅಂತ ಅಳಿಯನಿಗೆ ಆ ವರ್ಷ ಶನಿವಾರವೂ ಆಫೀಸು. ಮಗಳು ಅಲ್ಲಿಗೇ ಫೋನು ಮಾಡಿ, "ರೀ, ಬರ್ತಾ ಮೈಟರ್ ಸಾಗೆ ಒಂದು ಸಣ್ಣ ಬ್ಲೇಡ್ ತಗೊಂಬನ್ನಿ," ಅಂದಳು.

ಮಧ್ಯಾಹ್ನ ಅಳಿಯ ಬಂದ. ಪೊಟ್ಟಣ ಬಿಚ್ಚಿದರೆ ಅಂಗೈಯಗಲದ ಬ್ಲೇಡು. ಮುದುಕನ ಬ್ಲೇಡು ದೋಸೆ ಕಾವಲಿಯಷ್ಟಿತ್ತು.

"ಏನೋ ಇದು? ಗೊಂಬೆ ಮನೆಗೆ ತಂದ್ಯಾ?"

"ನೀವೇ ತಾನೆ ಅತ್ತೆ ಸಣ್ಣದು ಅಂದಿದ್ದು. ಇದ್ದಿದ್ರಲ್ಲೇ ಚಿಕ್ಕದು ಹುಡುಕಿ ತಂದಿದೀನಿ."

"ಸಣ್ಣ ರವೆ ತಾ ಅಂದ್ರೆ ಸಣ್ಣ ಪೊಟ್ಟಣ ತರ್ತೀಯೇನೋ?"

"ಅದನ್ನೂ ತಂದಿದ್ದಾರಮ್ಮ," ಅಂದಳು ಮಗಳು.

ಮುದುಕ ಅದನ್ನು ಯಂತ್ರದ ಗೂಟಕ್ಕೆ ಹಿಡಿದು ನೋಡಿದ. ನಡುವಿನ ತೂತೂ ಚಿಕ್ಕದು, ಒಳಗೇ ಹೋಗಲಿಲ್ಲ. ಬಿದ್ದು ಬಿದ್ದು ನಕ್ಕ. ನಮಗೆ ನಗು ಬರಲಿಲ್ಲ. ಐದಕ್ಕೆ ಅಂಗಡಿ ಮುಚ್ಚುತ್ತದೆ, ಭಾನುವಾರ ತೆಗೆಯುವುದೇ ಇಲ್ಲ.

ಹಳೇ ಬ್ಲೇಡು ಬಿಚ್ಚಿಕೊಡು ಅಂತ ಮುದುಕನಿಗೆ ಕೈಸನ್ನೆ ಮಾಡಿದೆ. ಡಬ್ಬಿಗೆ ಮುಚ್ಚಳ ತರಲು ಹೋಗುವವರು ಡಬ್ಬಿ ಒಯ್ಯುವುದಿಲ್ಲವೇ, ಹಾಗೆ. ಪೇಪರಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ. ಒಂದು ತುಂಡು ಪಟ್ಟಿಯನ್ನು ಕೋಟಿನೊಳಗೆ ಇಟ್ಟುಕೊಂಡು ಮೂವರೂ ಟ್ರಾಮ್ ಹತ್ತಿದೆವು. ಟ್ರಾಮಿನಲ್ಲಿ ಕೂತಷ್ಟು ಹೊತ್ತೂ ಅಳಿಯ, "ಚಿಕ್ಕದು ಅಂದ್ರೆ ಚಿಕ್ಕದು, ಸಣ್ಣದು ಅಂದ್ರೂ ಚಿಕ್ಕದೇ," ಅಂತ ಮಗಳ ಜತೆ ವಾದ ಮಾಡುತ್ತಿದ್ದ.

ಅಂಗಡಿಯಲ್ಲಿ ಒಂದು ಗೋಡೆ ಪೂರ್ತಿ ಬ್ಲೇಡು ನೇತುಹಾಕಿದ್ದರು. ಹಳೆಯದನ್ನು ಒಂದೊಂದರ ಮೇಲೂ ಇಟ್ಟು, ಅಗಲ ಸರಿಯೇ, ತೂತು ಸರಿಯೇ ಅಂತ ನೋಡುತ್ತಾ ಹೋದೆ. ಕೊನೆಗೆ ಎರಡು ಉಳಿದವು. ಒಂದಕ್ಕೆ ಹೇನು ಬಾಚಣಿಗೆಯಂತೆ ಒತ್ತೊತ್ತಾಗಿ ಹಲ್ಲು. ಇನ್ನೊಂದಕ್ಕೆ ಅಷ್ಟಿಲ್ಲ, ಹಳೆಯದಕ್ಕಿಂತ ಎಷ್ಟೋ ಹೆಚ್ಚು. ನಾನು ಬಾಚಣಿಗೆಯನ್ನೇ ಹಿಡಿದೆ.

ಅಂಗಡಿಯ ಗಡ್ಡದವನು ಬೇಡ ಅಂದ. ಮಗಳು ಕೇಳಿಕೊಂಡು ಹೇಳಿದಳು: "ಅದು ಅಲ್ಯೂಮಿನಿಯಂಗೆ ಅಂತೆ ಅಮ್ಮ. ಹಲ್ಲಿನ ತುದಿ ಚಪ್ಪಟೆ. ಮರಕ್ಕೆ ಹಾಕಿದ್ರೆ ಬಿಸಿಯಾಗಿ ಅಂಚು ಸುಡತ್ತಂತೆ."

"ಸಣ್ಣದೇ ಬೇಕು ಅಂದ್ಯಲ್ಲ."

"ಇಷ್ಟು ಸಣ್ಣದಲ್ವಂತೆ."

ಗಡ್ಡದವನು ಇನ್ನೊಂದನ್ನು ತಿರುಗಿಸಿ ಹಲ್ಲಿನ ತುದಿ ತೋರಿಸಿದ. ಒಂದು ಎಡಕ್ಕೆ ಓರೆ, ಒಂದು ಬಲಕ್ಕೆ ಓರೆ. ಅದು ನನಗೆ ಗೊತ್ತಿದ್ದದ್ದೇ. ಗಿರಾಕಿ ಇಲ್ಲದ ಮಧ್ಯಾಹ್ನ ನಮ್ಮವರು ಅಂಗಡಿ ಮೆಟ್ಟಿಲ ಮೇಲೆ ಕೂತು, ಗರಗಸವನ್ನು ಮೊಣಕಾಲಿಗೆ ಒತ್ತಿಕೊಂಡು, ಒಂದು ಹಲ್ಲು ಆಚೆಗೆ ಒಂದು ಈಚೆಗೆ ಬಾಗಿಸಿ ಅರ ಉಜ್ಜುತ್ತಿದ್ದರು. ಆ ಕರಕರಕ್ಕೆ ನನ್ನ ಹಲ್ಲು ಜುಮ್ಮೆನ್ನುತ್ತಿತ್ತು. ನಿಲ್ಲಿಸಿ ಅಂದರೆ ಇನ್ನೂ ಜೋರಾಗಿ ಉಜ್ಜುತ್ತಿದ್ದರು. ಎದುರಿನ ಹೋಟೆಲಿನಿಂದ ಟೀ ಬಂದ ಮೇಲೆಯೇ ನಿಲ್ಲಿಸುವುದು. ಆ ಗೋಡೆಯ ಮುಂದೆ ನಿಂತು ಅದೆಲ್ಲ ನೆನಪಾಯಿತು. ಅಷ್ಟರಲ್ಲಿ ಅಂಗಡಿಯವರು ಒಂದು ಕಡೆಯಿಂದ ದೀಪ ಆರಿಸುತ್ತಾ ಬಂದರು.

ಕೋಟಿನಿಂದ ಪಟ್ಟಿ ತೆಗೆದು ತೋರಿಸಿದೆ. ಗಡ್ಡದವನು ಉಗುರಲ್ಲಿ ಗೀರಿ, ಮೂಸಿ, ತಲೆದೂಗಿದ. ತೇಗ ಬ್ಲೇಡನ್ನು ಬೇಗ ಮೊಂಡು ಮಾಡುತ್ತದೆ, ಇದರ ಹಲ್ಲಿಗೆ ಗಟ್ಟಿ ತುದಿ ಬೆಸೆದಿದೆ, ಇದೇ ಸರಿ ಅಂದ. ಅದನ್ನೇ ತಂದೆವು.

ಸಂಜೆ ಮುದುಕ ಹೊಸ ಬ್ಲೇಡು ಹಾಕಿ ಮೊದಲು ರದ್ದಿ ತುಂಡು ಕೊಯ್ದ. ಅಂಚು ಬೆಣ್ಣೆ ಕೊಯ್ದ ಹಾಗಿತ್ತು. ಆಮೇಲೆ ನಮ್ಮ ಪಟ್ಟಿ ಇಟ್ಟ. ಅಳಿಯ ಇನ್ನೊಂದು ತುದಿ ಹಿಡಿದುಕೊಂಡು ಉಸಿರು ಬಿಡದೆ ನಿಂತಿದ್ದ. ಕೊಯ್ಯುತ್ತಿದ್ದಂತೆ ಶೆಡ್ಡಿನ ತುಂಬ ನಮ್ಮ ಅಂಗಡಿಯ ವಾಸನೆ.

ನಾಲ್ಕೂ ಬದಿ ಕೂಡಿಸಿದೆವು. ಮೂರು ಮೂಲೆ ಕೂದಲು ತೂರದ ಹಾಗೆ ಕೂತವು. ನಾಲ್ಕನೆಯದರಲ್ಲಿ ಸಂದು. ಸೂಟ್‌ಕೇಸಿನಲ್ಲಿ ಪಟ್ಟಿ ಚೂರು ಬಾಗಿತ್ತು, ಬ್ಲೇಡಿನ ತಪ್ಪಲ್ಲ. ಮುದುಕ ಇನ್ನೊಂದು ಸಲ ಕೊಯ್ಯಲು ಹೋದ. ನಾನು ಮರದ ಮೇಲೆ ಕೈ ಇಟ್ಟುಬಿಟ್ಟೆ. ಇನ್ನು ಕೊಯ್ದರೆ ಫೋಟೋ ಹಿಡಿಸುವುದಿಲ್ಲ.

"ಬಿಡಮ್ಮ, ಯಾರಿಗೂ ಕಾಣಲ್ಲ," ಅಂದಳು ಮಗಳು.

"ನಿಮ್ಮಪ್ಪನಿಗೆ ಕಾಣ್ತಿತ್ತು."

ನಾಲ್ಕು ಮೂಲೆಗೂ ಅಂಟು ಹಾಕಿ, ದಾರದಲ್ಲಿ ಬಿಗಿದು ಇಟ್ಟೆವು.

ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ಒಂದು ಕಾಗದ ಹಿಡಿದು ಮುದುಕನ ಶೆಡ್ಡಿಗೆ ಹೋದೆ. ಭಾನುವಾರ ಅಲ್ಲಿ ಯಂತ್ರದ ಸದ್ದು ಮಾಡುವಂತಿಲ್ಲ, ನನಗೆ ಯಂತ್ರ ಬೇಕೂ ಇರಲಿಲ್ಲ. ಅವನು ನಿಲುವಂಗಿಯಲ್ಲೇ ಹಿತ್ತಿಲ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ರದ್ದಿ ಮರದ ಬಿಳಿ ಪುಡಿ ಕೆಳಗಿತ್ತು, ತೇಗದ್ದು ಮೇಲೆ. ಮೇಲಿನದನ್ನು ಮಾತ್ರ ಬೆರಳಲ್ಲಿ ಬಳಿದುಕೊಂಡೆ. ಸಣ್ಣ ಪುಡಿ, ಜರಡಿ ಹಿಡಿಯುವ ಕೆಲಸವಿರಲಿಲ್ಲ. ಮನೆಗೆ ಬಂದು ಅಂಟಿಗೆ ಕಲಸಿ, ಉಗುರಲ್ಲಿ ಆ ಸಂದು ತುಂಬಿದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಗಾಜು ಒರೆಸಿ, ಫೋಟೋ ಕೂರಿಸಿ, ಹಿಂದೆ ರಟ್ಟು ಹೊಡೆದು ಗೋಡೆಗೆ ಹಾಕಿದೆ. ಆಮೇಲೆ ಎಡೆಗೆ ಅಂತ ವಡೆಯ ಬೇಳೆ ರುಬ್ಬಲು ಹೋದೆ.