ಸೈಕಲ್ ಶಾಪಿನವರ ಗಾಳಿಕೋವಿ

ಸೈಕಲ್ ಶಾಪಿನವರ ಎಡಗೆನ್ನೆಯ ಮೇಲೆ ಸದಾ ಒಂದು ಕಪ್ಪು ಮಸಿ ಇರುತ್ತಿತ್ತು. ಪಂಚರ್ ಆದ ಟ್ಯೂಬನ್ನು ಬೇರೆಯವರು ಬೋಗುಣಿಯ ನೀರಿನಲ್ಲಿ ಅದ್ದಿ ಗುಳ್ಳೆ ಹುಡುಕುತ್ತಿದ್ದರು. ಇವರು ಗಾಳಿ ತುಂಬಿದ ಟ್ಯೂಬನ್ನು ಕೆನ್ನೆಯ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ನಿಧಾನವಾಗಿ ತಿರುಗಿಸುತ್ತಿದ್ದರು. ಸೂಜಿಮೊನೆಯಷ್ಟು ತೂತಿದ್ದರೂ ಕೆನ್ನೆಗೆ ತಿಳಿಯುತ್ತಿತ್ತು. ಯಾರಾದರೂ ಆಶ್ಚರ್ಯಪಟ್ಟರೆ, "ಬೋಗುಣಿಗೆ ನೀರು ಹೊತ್ಕೊಂಡು ಬರೋರು ಯಾರಪ್ಪ" ಎನ್ನುತ್ತಿದ್ದರು.

ಎಪ್ಪತ್ತರ ದಶಕದ ಮಾತು. ಹಿರಿಯೂರಿನ ಎಣ್ಣೆ ಮಿಲ್ಲೊಂದರಲ್ಲಿ ನಾನು ಗುಮಾಸ್ತನಾಗಿದ್ದೆ. ಎಸ್ಸೆಸ್ಸೆಲ್ಸಿ ಮುಗಿಸಿದ್ದೆ, ಮದುವೆಯಾಗಿರಲಿಲ್ಲ. ಅವರ ಸೈಕಲ್ ಶಾಪಿನ ಹಿಂದಿನ ಕೋಣೆಯಲ್ಲಿ ನನ್ನ ವಾಸ. ಅವರೂ ಒಂಟಿ, ಹೆಂಡತಿ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಸಂಜೆ ಇಬ್ಬರೂ ಒಂದೇ ಸ್ಟವ್ವಿನ ಮೇಲೆ ಅನ್ನ ಬೇಯಿಸಿಕೊಂಡು, ಹೆಚ್ಚು ಮಾತಿಲ್ಲದೆ ಉಣ್ಣುತ್ತಿದ್ದೆವು. ಇಡೀ ಊರಿನಲ್ಲಿ ನಾನು ಉಂಡೆನೋ ಇಲ್ಲವೋ ಎಂದು ಕೇಳುತ್ತಿದ್ದವರು ಅವರೊಬ್ಬರೇ.

ಪಂಚರ್ ಹಾಕುವುದು ಅವರ ಹೊಟ್ಟೆಪಾಡು. ಮನಸ್ಸೆಲ್ಲ ಹೊಸದೇನಾದರೂ ಮಾಡುವುದರಲ್ಲಿ. ನಮ್ಮ ಬೀದಿಯ ಕೊನೆಯಲ್ಲಿ ನಡೆಯಲಾಗದ ದರ್ಜಿಯೊಬ್ಬನಿದ್ದ. ಹಳೆಯ ಸೈಕಲ್ಲುಗಳನ್ನು ಬಿಚ್ಚಿ, ಕೈಯಲ್ಲಿ ತಿರುಗಿಸಿ ಓಡಿಸುವ ಮೂರು ಗಾಲಿಯ ಗಾಡಿಯನ್ನು ಅವನಿಗೆ ಮಾಡಿಕೊಟ್ಟಿದ್ದರು. ಅದರ ಪ್ರತಿಯೊಂದು ತಿರುಪಿನ ಥ್ರೆಡ್ಡನ್ನೂ ತಾವೇ ಕೊರೆದಿದ್ದರು. ಆ ಗಾಡಿ ಬಂದ ಮೇಲೆ ದರ್ಜಿ ಸಂತೆ ನೋಡಿದ.

ಗಾಳಿಕೋವಿ ಬಂದದ್ದು ಮಾರಿಕಣಿವೆಯಿಂದ. ಅಣೆಕಟ್ಟೆಯ ತೂಬನ್ನು ನೀರೊಳಗೆ ಮುಳುಗಿ ನೋಡಲು ಕರಾವಳಿಯ ಕಡೆಯಿಂದ ಒಬ್ಬಾತ ಬಂದಿದ್ದ. ನೀರಿನಲ್ಲೇ ಈಜುತ್ತ ಮೀನಿಗೆ ಭರ್ಜಿ ಹೊಡೆಯುವ ಪರದೇಶದ ಕೋವಿ ಅವನ ಬಳಿಯಿತ್ತು. ಗಾಳಿ ಸೋರುತ್ತದೆಂದು ರಿಪೇರಿಗೆ ಕೊಟ್ಟವನು ತಿರುಗಿ ಬರಲೇ ಇಲ್ಲ. ಒಂದು ವರ್ಷ ಕಾದು, ಇವರು ಅದನ್ನು ಬಿಚ್ಚಿ ಸರಿಮಾಡಿದರು.

ಅದರ ರೀತಿ ಸುಲಭ. ಸಣ್ಣ ಪಂಪಿನಿಂದ ಒಳಗೆ ಗಾಳಿ ತುಂಬಬೇಕು. ಭರ್ಜಿಯನ್ನು ಕೋವಿಯ ಬಾಯಿಯ ಕಡೆಯಿಂದ ಒಳಕ್ಕೆ ಒತ್ತಿದರೆ ಪಿಸ್ಟನ್ ಹಿಂದೆ ಸರಿದು ಕೊಕ್ಕೆಗೆ ಸಿಕ್ಕಿಕೊಳ್ಳುತ್ತದೆ. ಕೋವಿಯ ಕುದುರೆ, ಅಂದರೆ ಟ್ರಿಗರ್, ಎಳೆದರೆ ಗಾಳಿ ಪಿಸ್ಟನ್ನನ್ನು ದೂಡುತ್ತದೆ, ಪಿಸ್ಟನ್ ಭರ್ಜಿಯನ್ನು ದೂಡುತ್ತದೆ.

ಹತ್ತಿರದ ಆದಿವಾಲದಲ್ಲಿ ಕುರಿ ಸಾಕಿದ್ದ ರೈತರೊಬ್ಬರ ಮೆಟ್ಟಿಲು ಬಾವಿಯಲ್ಲಿ ಭಾನುವಾರಗಳಂದು ನಮ್ಮ ಪರೀಕ್ಷೆ. ಬಾಳೆದಿಂಡಿಗೆ ಕಲ್ಲು ಕಟ್ಟಿ ನೀರೊಳಗೆ ನಿಲ್ಲಿಸಿ, ಎರಡು ಮಾರು ದೂರದಿಂದ ಇವರು ಹೊಡೆಯುತ್ತಿದ್ದರು. ಭರ್ಜಿ ಎಷ್ಟು ಹೊಕ್ಕಿದೆಯೆಂದು ಸೈಕಲ್ಲಿನ ಕಡ್ಡಿ ತೂರಿಸಿ ಅಳೆಯುತ್ತಿದ್ದರು. ಪ್ರತಿ ಸಲ ಉಳಿದ ಗಾಳಿ ಬಿಟ್ಟು, ಹೊಸದಾಗಿ ಪಂಪು ಒತ್ತಿ ಎಣಿಸುವುದು ನನ್ನ ಕೆಲಸ. ಇನ್ನೂರು ಒತ್ತಿಗೆ ಭರ್ಜಿ ಒಂದು ಗೇಣು ಹೋಗುತ್ತಿತ್ತು.

"ನಳಿಗೆಯೊಳಗಿನ ನೀರು ಅಡ್ಡ ಬರ್ತೈತೆ. ಅದನ್ನ ದೂಡೋಕೇ ಗಾಳಿ ಅರ್ಧ ಸಾಯ್ತೈತೆ" ಎಂದು ಒಂದು ದಿನ ಹೇಳಿದರು. ಹಿತ್ತಾಳೆ ನಲ್ಲಿಯೊಂದನ್ನು ಕಡೆದು, ತಾವೇ ಥ್ರೆಡ್ ಕೊರೆದು, ಕೋವಿಯ ಬಾಯಿಗೆ ಹೊಸ ಮುಚ್ಚಳ ಮಾಡಿದರು. ಒಳಗೆ ಟ್ಯೂಬಿನ ರಬ್ಬರಿನ ಬಿಲ್ಲೆ. ಭರ್ಜಿ ಜಾರುತ್ತದೆ, ನೀರು ಒಳಗೆ ಬರುವುದಿಲ್ಲ. ಈಗ ನೂರಿಪ್ಪತ್ತು ಒತ್ತಿಗೇ ಭರ್ಜಿ ಒಂದು ಗೇಣು ಹೋಯಿತು. ಅವತ್ತು ಅವರು ಬಾವಿಯ ಮೆಟ್ಟಿಲ ಮೇಲೆ ಕುಳಿತು ಒಬ್ಬರೇ ನಕ್ಕರು. ಮೀನು ತಿನ್ನುವ ಮನುಷ್ಯರೂ ಅಲ್ಲ ಅವರು.

"ಲೇ ಗುಮಾಸ್ತ, ಇನ್ಮೇಲೆ ನೂರಿಪ್ಪತ್ತು ದಾಟಬ್ಯಾಡ. ಮೊದ್ಲು ನೀರು ಪಿಸ್ಟನ್ನನ್ನ ತಡೀತಿತ್ತು. ಈಗ ಅದು ಬಂದು ಮುಚ್ಚಳಕ್ಕೇ ಗುದ್ದತೈತೆ" ಎಂದು ಎರಡು ಸಲ ಹೇಳಿದರು.

ಮುಂದಿನ ಭಾನುವಾರ ಬಾವಿಯ ಯಜಮಾನರು ಹರಿಯಬ್ಬೆಯ ನೆಂಟರನ್ನು ಕರೆದುಕೊಂಡು ನೋಡಲು ಬಂದರು. ಒಂದು ಗೇಣು ಹೊಕ್ಕ ಭರ್ಜಿಯನ್ನು ಕಂಡು ಯಜಮಾನರು, "ಇಷ್ಟೇ ಏನಪ್ಪ? ನಮ್ಮ ಟಗರು ಗುದ್ದಿದ್ರೂ ಇದಕ್ಕಿಂತ ಒಳಗೆ ಹೋಗ್ತಿತ್ತು" ಎಂದರು. ನೆಂಟರು ನಕ್ಕರು. ಸೈಕಲ್ ಶಾಪಿನವರೂ ನಕ್ಕರು. ನಾನು ನಗಲಿಲ್ಲ.

ಅವರು ಹೊಸ ದಿಂಡು ಕಟ್ಟಲು ನೀರಿಗಿಳಿದಾಗ ನಾನು ಮೇಲಿನ ಮೆಟ್ಟಿಲಲ್ಲಿ ಕುಳಿತು ಇನ್ನೂರು ಒತ್ತು ಒತ್ತಿದೆ.

"ಎಷ್ಟು?" ಎಂದರು.

"ನೂರಿಪ್ಪತ್ತು."

ಭರ್ಜಿ ಒಳಗೆ ಒತ್ತುವಾಗ ಅವರ ಕತ್ತಿನ ನರ ಉಬ್ಬಿತು. "ಬಿಗಿ ಐತಲ್ಲ" ಎಂದು ನನ್ನ ಮುಖ ನೋಡಿದರು. ರಬ್ಬರು ಹೊಸದು, ಅದಕ್ಕೇ ಇರಬೇಕು ಎಂದೆ. ತಲೆಯಾಡಿಸಿ ಎದೆಮಟ್ಟ ನೀರಿಗೆ ಇಳಿದರು. ಕೋವಿ ಅಲುಗದಿರಲೆಂದು ಎಡಗೈಯಿಂದ ಅದರ ಬಾಯಿಯ ಹತ್ತಿರವೇ ಹಿಡಿದಿದ್ದರು.

ಮುಚ್ಚಳ ಸೀಳಿತು. ಸದ್ದು ದೊಡ್ಡದೇನಲ್ಲ. ನೀರು ಕೆಂಪಾದಾಗಲೇ ನಮಗೆ ಗೊತ್ತಾದದ್ದು.

ಯಜಮಾನರ ಎತ್ತಿನ ಗಾಡಿಯಲ್ಲಿ ಆಸ್ಪತ್ರೆಗೆ ಹೊರಟೆವು. ಪಂಚೆ ಸುತ್ತಿದ ಕೈಯನ್ನು ಎದೆಗೆ ಒತ್ತಿಕೊಂಡು ದಾರಿಯಲ್ಲಿ ಮತ್ತೆ ಕೇಳಿದರು: "ನೂರಿಪ್ಪತ್ತೇ ತಾನೆ?"

"ನೂರಿಪ್ಪತ್ತೇ."

"ಹಂಗಾದ್ರೆ ನಾನು ಕೊರೆದ ಥ್ರೆಡ್ಡೇ ಸುಳ್ಳು" ಎಂದರು.

ಎಡಗೈಯ ಹೆಬ್ಬೆರಳು ಉಳಿಯಿತು, ಆದರೆ ಮಡಚಲು ಬರಲಿಲ್ಲ. ಅದಕ್ಕಿಂತ ಹೆಚ್ಚಿನದೊಂದು ಹೋಯಿತು. ತಮ್ಮ ಕೈಕೆಲಸದ ಮೇಲಿನ ನಂಬಿಕೆಯನ್ನೇ ಅವರು ಬಿಟ್ಟರು. ಯಾರ್ಯಾರ ಸೈಕಲ್ಲಿಗೆ ತಾವು ಕೊರೆದ ತಿರುಪು ಹಾಕಿದ್ದರೋ ಅವರನ್ನೆಲ್ಲ ಕರೆದು, ಅಂಗಡಿಯ ತಿರುಪು ಹಾಕಿ ಕಳಿಸಿದರು. ಕೊನೆಗೆ ದರ್ಜಿಯ ಮನೆಗೆ ಹೋದರು. ನಾನೂ ಜೊತೆಗಿದ್ದೆ.

"ಇಷ್ಟು ದಿನ ಓಡಿಸೀನಿ, ಏನೂ ಆಗಿಲ್ವಲ್ರಿ" ಎಂದ ದರ್ಜಿ.

"ಇಳಿಜಾರಲ್ಲಿ ಕಿತ್ಕೊಂಡ್ರೆ ಏನ್ಮಾಡ್ತೀಯ? ಬ್ಯಾಡ. ನನ್ನ ಕೈ ನಂಬಬ್ಯಾಡ. ಇದ್ರ ಅಳತೆ ತಿರುಪು ಅಂಗ್ಡೀಲಿ ಸಿಗಾಕಿಲ್ಲ."

ಅಲ್ಲೇ ಕುಳಿತು ಒಂದೇ ಕೈಯಲ್ಲಿ ಗಾಡಿ ಬಿಚ್ಚಿ ಗೋಣಿಚೀಲಕ್ಕೆ ತುಂಬಿದರು. ಸ್ಪ್ಯಾನರ್ ಹಿಡಿದುಕೊಟ್ಟವನು ನಾನು. ಬಾಯಿ ತೆರೆದರೆ ಸಾಕಿತ್ತು. ತೆರೆದರೆ ಇವರೂ ನನ್ನನ್ನು ಬಿಟ್ಟುಬಿಡುತ್ತಾರೆ, ಊಟಕ್ಕೆ ಕರೆಯುವವರೂ ಇರುವುದಿಲ್ಲ ಎಂದು ಹೆದರಿದೆ. ಅದರ ನಂತರವೂ ಒಂದೇ ಸ್ಟವ್ವಿನ ಮುಂದೆ ಕುಳಿತು ಉಂಡೆವು. ಅವರ ಮಡಚದ ಹೆಬ್ಬೆರಳು ಕಣ್ಣಿಗೆ ಬೀಳದಿರಲೆಂದು ನಾನು ಬೇಗ ಉಂಡು ಏಳುತ್ತಿದ್ದೆ. ಮರುವರ್ಷ ಹೊಳಲ್ಕೆರೆಯಲ್ಲಿ ಕೆಲಸ ಹುಡುಕಿಕೊಂಡು ಹೊರಟುಹೋದೆ.

ಬಹಳ ವರ್ಷಗಳ ಮೇಲೆ ಹಿರಿಯೂರಿಗೆ ಹೋದಾಗ ಅಂಗಡಿ ಮುಚ್ಚಿತ್ತು. ದರ್ಜಿ ಹೊಸ್ತಿಲು ದಾಟದೆಯೇ ಬದುಕಿ, ಎರಡು ವರ್ಷದ ಹಿಂದೆ ಸತ್ತನೆಂದು ಪಕ್ಕದವರು ಹೇಳಿದರು. ಸೈಕಲ್ ಶಾಪಿನವರು ಕಾಯಿಲೆಯಾಗಿ ಹೊಸದುರ್ಗದ ತಂಗಿಯ ಮನೆ ಸೇರಿ ನಾಲ್ಕು ವರ್ಷವಾಗಿತ್ತು. ಅಲ್ಲಿಗೇ ಹೋದೆ.

ಮಂಚಕ್ಕೆ ಅಂಟಿಕೊಂಡಂತೆ ಮಲಗಿದ್ದರು. "ಗುಮಾಸ್ತನಾ? ಕುಂತ್ಕ. ಉಂಡ್ಯಾ?" ಎಂದರು.

ಕೂರದೆ, ನಿಂತೇ ಹೇಳಿದೆ. ಅವತ್ತು ನೂರಿಪ್ಪತ್ತಲ್ಲ, ಇನ್ನೂರು ಒತ್ತಿದ್ದೆ ಎಂದೆ. ಅವರು ಮಡಚದ ಹೆಬ್ಬೆರಳನ್ನು ಇನ್ನೊಂದು ಕೈಯಿಂದ ಸವರಿದರು. ತಂಗಿ ತಂದಿಟ್ಟ ಕಾಫಿ ಆರಿತು.

"ಹಂಗಾದ್ರೆ ದರ್ಜಿ ಗಾಡಿ ಸರಿಯಾಗೇ ಇತ್ತು" ಎಂದರು ಕೊನೆಗೆ.

"ಹೂಂ."

ಏಳಲು ನೋಡಿದರು. ಆಗಲಿಲ್ಲ. "ಹೋಗಿ ಅವ್ನಿಗೆ ಹೇಳಲೇ. ಸಾಮಾನೆಲ್ಲ ಗೋಣಿಚೀಲದಾಗೆ ಅವನ ಹಿತ್ತಲಲ್ಲೇ ಐತೆ. ಯಾರ ಕೈಲಾದ್ರೂ ಜೋಡಿಸ್ಕಳ್ಳಾಕೆ ಹೇಳು. ಹೆದರ್ಕೋಬ್ಯಾಡ ಅಂತ ಹೇಳು."

ಹೇಳುತ್ತೇನೆ ಎಂದೆ. ನನ್ನ ಮಾತನ್ನು ಯಾವಾಗಲೂ ನಂಬುತ್ತಿದ್ದ ಹಾಗೆ ಅದನ್ನೂ ನಂಬಿದರು. ಎಂಟು ದಿನಕ್ಕೆ ತೀರಿಕೊಂಡರು.