ಎಂಟು ವರ್ಷಕ್ಕೆ ಕಂದು ಬೆಲ್ಟ್ ಇಲ್ಲ

ಗೆಳೆಯರೇ, ಇವತ್ತು ಕೊಟ್ಟೂರಿನ ನಾನು ಕಲಿಸುವ ಕರಾಟೆ ತರಗತಿಯಲ್ಲಿ ಒಬ್ಬ ಅಜ್ಜಿಯ ಕೈಗೆ ಸಿಕ್ಕಿಬಿದ್ದೆ. ಅವರ ಮೊಮ್ಮಗಳು ಚೈತ್ರಾಳಿಗೆ ಎಂಟು ವರ್ಷ. ಬೆಲ್ಟ್ ಪರೀಕ್ಷೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಮಾಡಿದ್ದಳು. ಆದರೆ ಕಂದು ಬೆಲ್ಟಿಗೆ ಹತ್ತು ತುಂಬಿರಬೇಕು ಎಂಬುದು ನಿಯಮ. ಅದನ್ನು ಹೇಳಿದ್ದೇ ತಡ, ಅವಳ ಕಣ್ಣು ತುಂಬಿಕೊಂಡವು.

"ಎರಡು ವರ್ಷ ಹೆಚ್ಚಿಗಿ ಬರಕಳ್ರಿ ಸರ. ಸಾಲಿಗೆ ಹಾಕುವಾಗ ನಾವೂ ಹಂಗ ಬರಸೀವಿ," ಅಂದರು ಅಜ್ಜಿ.

ಚೈತ್ರಾ ಕಣ್ಣೊರೆಸಿಕೊಂಡು, "ಅಜ್ಜಿ, ಸುಳ್ಳು ಹೇಳಬ್ಯಾಡ. ನನಗ ಎಂಟು" ಅಂದಳು.

ಅಜ್ಜಿ ನನ್ನ ಕಡೆ ತಿರುಗಿದರು. "ವಯಸ್ಸು ನೋಡಿ ಕೊಡೂದಾದ್ರ ನನಗ ಅರವತ್ತೆರಡು. ಕಪ್ಪು ಬೆಲ್ಟ ಕೊಡ್ರಿ ನೋಡಾಣ!"

"ಮೊದ್ಲು ಕಲೀಬೇಕಲ್ಲಮ್ಮಾ," ಅಂದುಬಿಟ್ಟೆ.

ಅಷ್ಟೇ ಸಾಕಾಯಿತು. ಅಜ್ಜಿ ಚಪ್ಪಲಿ ಬಿಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮಕ್ಕಳ ಸಾಲಿನ ಕೊನೆಯಲ್ಲಿ ನಿಂತೇಬಿಟ್ಟರು. ಚೈತ್ರಾ ನಗುತ್ತ ಓಡಿಹೋಗಿ, ಮುಷ್ಟಿ ಕಟ್ಟುವುದು ಹೇಗೆಂದು ಅವರಿಗೆ ತೋರಿಸತೊಡಗಿದಳು.

ಮನೆಗೆ ಬಂದು ನಿಯಮದ ಪುಸ್ತಕವನ್ನು ಎರಡು ಸಲ ತಿರುವಿದೆ. ಇಷ್ಟು ವಯಸ್ಸು ತುಂಬಿರಬೇಕು ಎಂದಿದೆ, ಇಷ್ಟನ್ನು ಮೀರಿರಬಾರದು ಎಂದು ಎಲ್ಲೂ ಬರೆದಿಲ್ಲ. ನಾಳೆ ಹೊಸಬರು ಕಟ್ಟುವ ಒಂದು ಬಿಳಿ ಬೆಲ್ಟ್ ತರಿಸಬೇಕು, ಸ್ವಲ್ಪ ಉದ್ದದ್ದು.