ಗುರಾಣಿಯ ಹಿಂದೆ ನಿಂತವರು

ಚಿತ್ರಕಥೆ ಪತ್ರಿಕೆಯ ಕಚೇರಿಯಲ್ಲಿ ಆಕೆಯನ್ನು ಹೆಸರು ಹಿಡಿದು ಕರೆದವರೇ ಇಲ್ಲ. ಎಲ್ಲರ ಬಾಯಲ್ಲೂ ‘ಗುರಾಣಿ ಅಕ್ಕ’. ಪತ್ರಿಕೆಯ ವೀರನ ಮುಖ, ಮೈಕಟ್ಟು, ಹಾರಾಟ ಎಲ್ಲ ಬರೆಯುತ್ತಿದ್ದವನು ಕಲಾವಿದ. ಅವನ ಹೆಸರು ಮೊದಲ ಪುಟದಲ್ಲೇ ಅಚ್ಚಾಗುತ್ತಿತ್ತು. ಆದರೆ ದುಂಡು ಗೆರೆ ಮಾತ್ರ ಅವನಿಗೆ ಒಲಿದಿರಲಿಲ್ಲ. ಕೈವಾರ ಹಿಡಿದು ಎಳೆದರೆ ಗುರಾಣಿ ಜೀವವಿಲ್ಲದ ತಟ್ಟೆಯಂತೆ ಕಾಣುತ್ತಿತ್ತು. ಅಕ್ಕ ಬೋರ್ಡು ಬರೆಯುವವನ ಮಗಳು. ಉಸಿರು ಬಿಗಿಹಿಡಿದು, ಒಂದೇ ಎಳೆತಕ್ಕೆ ದುಂಡು ಬರೆಯುವುದರಲ್ಲಿ ಎತ್ತಿದ ಕೈ. ಹೀಗೆ ಇಪ್ಪತ್ತಾರು ವರ್ಷ ಅವಳ ಪಾಲಿಗೆ ಬಂದ ಕೆಲಸ ಗುರಾಣಿಯೊಂದೇ.

ಅವಳದೇ ಒಂದು ಹಟವಿತ್ತು. ವೀರ ಗುರಾಣಿ ಎತ್ತಿದಾಗಲೆಲ್ಲ ಅದರ ಹಿಂದೆ ಯಾರಾದರೂ ಇರಲೇಬೇಕು. ಕಥೆಯಲ್ಲಿ ಯಾರೂ ಇಲ್ಲದಿದ್ದರೆ ತಾನೇ ಒಬ್ಬ ಮುದುಕಿಯನ್ನೋ, ಬಡಕಲು ನಾಯಿಯನ್ನೋ ಮೂಲೆಯಲ್ಲಿ ಕೂರಿಸುತ್ತಿದ್ದಳು. ತಾಯಿ ಹೋದಮೇಲೆ ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಉಳಿದವಳಿಗೆ ದಿನವಿಡೀ ಜೊತೆಯೆಂದರೆ ಅವರೇ.

ಒಂದು ಬೆಳಿಗ್ಗೆ ಸಂಪಾದಕರು ಹೊಸ ಪುಟ ತಂದಿಟ್ಟರು. ನೆಲಕ್ಕೆ ಬಿದ್ದು ಕೈಮುಗಿದ ವೈರಿಯ ತಲೆಗೆ ವೀರ ಗುರಾಣಿಯ ಅಂಚಿನಿಂದ ಹೊಡೆಯುವ ದೃಶ್ಯ.

“ಇದನ್ನ ನಾನು ಬರೆಯಲ್ಲ ಸಾರ್.”

“ಯಾಕಕ್ಕಾ? ಓದೋರಿಗೆ ಹೊಡೆದಾಟ ಬೇಕು.”

“ಹೊಡೆಯೋಕೆ ಅವನ ಕೈಗೆ ದೊಣ್ಣೆ ಕೊಡಿ, ಬೇಕಾದ್ರೆ ನಾನೇ ಬರೆದುಕೊಡ್ತೀನಿ. ಗುರಾಣಿ ಇರೋದು ಹಿಂದೆ ನಿಂತವರಿಗೆ.”

ಸಂಪಾದಕರು ನಕ್ಕರು. “ಕಾಗದದ ಗುರಾಣಿಗೆ ಇಷ್ಟೆಲ್ಲ ತಲೆ ಕೆಡಿಸಿಕೊಳ್ತಾರಾ?”

ಅಕ್ಕ ಪಕ್ಕದ ಮೇಜಿನ ಕಲಾವಿದನ ಕಡೆ ನೋಡಿದಳು. ಅವನು ಪೆನ್ಸಿಲ್ ಚೂಪು ಮಾಡುತ್ತ ಕೂತಿದ್ದ. ಅದು ಮೊದಲೇ ಚೂಪಾಗಿತ್ತು.

ಆ ಪುಟವನ್ನು ಕಂಪ್ಯೂಟರಿನಲ್ಲಿ ಮುಗಿಸಿದರು. ಸಂಚಿಕೆ ಎರಡೇ ದಿನದಲ್ಲಿ ಖಾಲಿಯಾಯಿತು. ಆಮೇಲೆ ಅಕ್ಕನ ಮೇಜಿಗೆ ಬಂದದ್ದು ಹಳೆಯ ಸಂಚಿಕೆಗಳ ಧೂಳು ಒರೆಸಿ ಜೋಡಿಸುವ ಕೆಲಸ. ಊಟದ ಹೊತ್ತಿಗೆ ಅವಳ ಬೆಂಚಿನಲ್ಲಿ ಯಾರೂ ಕೂರುತ್ತಿರಲಿಲ್ಲ. ಕೆಟ್ಟ ಮಾತು ಆಡಿದವರಿಲ್ಲ, ಮುಖ ಕೊಟ್ಟು ಮಾತಾಡಿದವರೂ ಇಲ್ಲ. ಎರಡು ತಿಂಗಳು ಹಲ್ಲು ಕಚ್ಚಿಕೊಂಡಿದ್ದು ಕೆಲಸ ಬಿಟ್ಟಳು.

ಒಂದು ಭಾನುವಾರ ಕಲಾವಿದ ಅವಳ ಬಾಗಿಲು ತಟ್ಟಿದ.

“ಅಕ್ಕಾ, ಕಂಪ್ಯೂಟರಿನ ದುಂಡು ನನ್ನ ಗೆರೆಗೆ ಹೊಂದ್ತಾ ಇಲ್ಲ. ಕಲಿಸಿಕೊಡ್ತೀರಾ?”

ಇದ್ದ ಒಂದೇ ಕುರ್ಚಿಯನ್ನು ಅವನಿಗೆ ಕೊಟ್ಟು ಅಕ್ಕ ಮಂಚದ ಅಂಚಿನಲ್ಲಿ ಕೂತಳು. “ಮಣಿಕಟ್ಟು ಅಲುಗಬಾರದು. ಭುಜದಿಂದ ಎಳೀರಿ.” ಹಾಳೆಯ ಮೇಲೆ ಹಾಳೆ ಮುಗಿಯಿತು. ಸಂಜೆಯಾಗುವಾಗ ಒಂದು ದುಂಡಿನ ತುದಿಗಳು ಸರಿಯಾಗಿ ಕೂಡಿದವು.

“ಅವತ್ತು ನಾನು ಒಂದು ಮಾತು ಹೇಳಬೇಕಿತ್ತು,” ಎಂದ ಅವನು, ತಲೆ ಎತ್ತದೆ.

“ಹೇಳಬೇಕಿತ್ತು.”

‘ಪರವಾಗಿಲ್ಲ’ ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ಅಕ್ಕ ನುಂಗಿಕೊಂಡಳು.

ಅವನು ಮತ್ತೆ ಬರಲಿಲ್ಲ. ಅಕ್ಕ ಈಗ ಗಡಿಯಾರದ ಅಂಗಡಿಯೊಂದಕ್ಕೆ ಅಂಕಿ ಬರೆದುಕೊಡುತ್ತಾಳೆ. ಭಾನುವಾರ ಮಾತ್ರ ಹೊತ್ತು ಸರಿಯುವುದಿಲ್ಲ. ಮೆಟ್ಟಿಲಲ್ಲಿ ಹೆಜ್ಜೆಯ ಸದ್ದಾದರೆ ಕುಂಚ ಕೆಳಗಿಟ್ಟು ಕಿವಿಗೊಡುತ್ತಾಳೆ. ಸದ್ದು ಬಾಗಿಲು ದಾಟಿ ಮೇಲಿನ ಮಹಡಿಗೆ ಹೋಗುತ್ತದೆ.